ತಗಡಿನ ಮ್ಯಾಲ ಅಂಗೈ

ಶಹಾಬಾದಿನ ಮನುಷ್ಯಾ, ಕಾಡಿಗಿ ಹೊಂಟರೂ
ಕಾಲ ಕೆಳಗ ಒಂದು ಪರಸಿ ಬೇಕು.
ಎರಡು ಫೂಟಿನದು, ತಮ್ಮ ಕೈಯಾರೆ ಪಾಲಿಶ್ ಮಾಡಿದ್ದು,
ಟ್ರೇಲರಿನ ಬಾಗಲ ಮುಂದ ಮೆಟ್ಟಲಾಗಿ ಇಟ್ರು.

ಟ್ರೇಲರ್ ಅಂದ್ರ ಏನ್ ಮಹಾ,
ಗುಜರಿಯಾಗಿನ ಟ್ರ್ಯಾಕ್ಟರ್ ಟ್ರಾಲಿ, ನಾಕೂ ಕಡಿ ತಗಡು,
ಮುರದ ಬಸ್ಸಿನ ಎರಡು ಕಿಡಕಿ.
ಒಂದರ ಮ್ಯಾಲ ಇನ್ನಾ ಹಂಗೇ ಅದ: ಮಹಿಳೆಯರಿಗೆ.
"ನೋಡು, ನಿನ್ನ ಸೀಟು" ಅಂದ್ರು.
ಕಂಪನಿ ಬಿಟ್ಟ ಮ್ಯಾಲ ಎಂಟು ತಿಂಗಳು
ವೆಲ್ಡಿಂಗ್ ಕಿಡಿಯೊಳಗ ಕುಂತು ಕಟ್ಟಿದ್ದು.
ಅಳಿಯ ರೇವಣಸಿದ್ಧ ಜೀಪಿಗಿ ಕಟ್ಟಿ ಎಳಕೊಂಡು ಬಂದು
ಚಂದ್ರಂಪಳ್ಳಿ ನೀರಿನ ದಂಡ್ಯಾಗ ಬಿಟ್ಟು ಹೋದ:
"ಮುಂದಿನ ಐತವಾರ ಬರ್ತೀನಿ ಅತ್ತಿ,
ಕರಡಿ ಭೇಟಿ ಆದ್ರ ನನ್ನ ನಮಸ್ಕಾರ ಹೇಳು."

ಡಿಸೆಂಬರ್. ಥಂಡಿ ಅಂದ್ರ ಥಂಡಿ.
ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಇವ್ರ ಮಫ್ಲರು,
ಅರಣ್ಯ ಇಲಾಖೆಯ ಪರವಾನಗಿ ಚೀಟಿ.
ಮುಂಜಾನಿ ಗಾರ್ಡ್ ಧನಸಿಂಗ್ ಚವ್ಹಾಣ ಮುಂದ, ಇವ್ರು ನಡು, ನಾ ಹಿಂದ.
ಕೆಂಪು ನೆಲ. ತೇಗದ ಎಲಿ ಹಪ್ಪಳ ಮುರದಂಗ ಮುರೀತಿದ್ವು.
ನನ್ನ ಮೊಣಕಾಲಂತೂ ಮೊದಲ ದಿನಾನೇ
ವಾಪಸ್ ಹೋಗಿ ಟ್ರೇಲರಿನಾಗ ಮಲಗಿತ್ತು.

ಎರಡನೇ ದಿನಾನೋ ಮೂರನೇದೋ ಮರತೀನಿ,
ಧನಸಿಂಗ ತಟಕ್ನ ನಿಂತು ಬೆರಳೆತ್ತಿದ:
"ಕೇಳ್ರಿ ಸಾಹೇಬ್ರ."
ಮ್ಯಾಲ ಎಲ್ಲೋ ಸಣ್ಣ ದನಿ,
ಎಣ್ಣಿ ಕಾಣದ ಹೊಲಿಗಿ ಮಶೀನಿಂದು.
ಇವ್ರು ಕಣ್ಣು ಮುಚ್ಚಿ ತಲಿ ಆಡ್ಸಿದ್ರು, "ವ್ಹಾ."
ಹಕ್ಕಿ ಹಾರಿಹೋತು.
ಇವ್ರು ಇನ್ನಾ ಕಣ್ಣು ಮುಚ್ಚಿ ಕೇಳ್ಲತ್ತಿದ್ರು.

ಆವಾಗ ತಿಳೀತು ನಂಗ.
ಮೂವತ್ತೊಂದು ವರ್ಷ ಕಲ್ಲು ಕೊಯ್ಯೋ ಗಾಲಿ ಬಾಜೂಕ ನಿಂತ ಕಿವಿ.
ಕುಕ್ಕರ್ ಸೀಟಿ, ಫೋನು, ಮಮ್ಮಗಳ ಗುಟ್ಟು,
ಎಲ್ಲದಕ್ಕೂ ಹೂಂ ಹೂಂ ಅಂದಿದ್ದು
ಲೆಕ್ಕ ಹಾಕ್ಕೋತ ನಡದೆ.
ನಾ ಏನೂ ಅನ್ಲಿಲ್ಲ. ಧನಸಿಂಗಗೂ ಗೊತ್ತಾತೇನೋ,
ಮರುದಿನದಿಂದ ಅವ ಕೇಳ್ರಿ ಅನ್ನೋದು ಬಿಟ್ಟು ನೋಡ್ರಿ ಅಂದ.
ಹೆಜ್ಜಿ ತೋರ್ಸಿದ, ಲದ್ದಿ ತೋರ್ಸಿದ,
ತೋಳದ ಕೂದಲ ಸಿಕ್ಕೊಂಡ ಮುಳ್ಳು ತೋರ್ಸಿದ.

ಬೇಸ್ತವಾರ ಇವ್ರು ಭಾಳ ಮುಂದ ಹೊಂಟಿದ್ರು.
"ರೀ" ಅಂದೆ. "ಏನ್ರೀ" ಅಂದೆ.
ಆಮ್ಯಾಲ ಆಚೀಚಿ ನೋಡಿ,
ಸೊಸಿಯಾಗಿ ಬಂದಾಗಿಂದ ನಾಲಿಗಿ ತುದೀಗೂ ತರದ ಹೆಸರು
ತಂದೆ. ಭೀಮಶಾ.
ಕದ್ದ ಬಾರಿಹಣ್ಣಿನ ರುಚಿ.
ಇನ್ನೊಮ್ಮಿ, ಜೋರಲೆ, ಭೀಮಶಾ!
ಗಿಡದಾಗಿನ ಮುಸ್ಯಾ ತಿರುಗಿ ನೋಡ್ತು.
ಇವ್ರಿಲ್ಲ.

ಆ ರಾತ್ರಿ ನಾ ಗಾಢ ನಿದ್ದ್ಯಾಗಿದ್ದೆ.
ನನ್ನ ಕೈ ಹಿಡದು ತಗಡಿಗಿ ಹಚ್ಚಿದ್ರು.
"ತಡಿ. ಈಗ ಬರ್ತದ."
ಥಂಡಿ ತಗಡು. ಆಮ್ಯಾಲ ಅದರೊಳಗ ಒಂದು ಗರಗರ,
ಯಾವುದೋ ಬೆನ್ನು ಗಾಲೀಗಿ ತಿಕ್ಕೋಲತ್ತಿತ್ತು.
"ಹಂದಿ," ಅಂದ್ರು. "ಒಂಟಿ. ಎಡಗಡಿ ಮೈ ಕಡೀಲತ್ತದ ಅದಕ್ಕ."
ಮಶೀನು ಕೆಡೋ ಮೊದಲೇ ಇವ್ರ ಅಂಗೈಗಿ ತಿಳೀತದ ಅಂತ
ಕಂಪನಿ ಮಂದಿ ಹೇಳ್ತಿದ್ರು,
ನಾ ಬಡಾಯಿ ಅನ್ಕೊಂಡಿದ್ದೆ.

ಶನಿವಾರ ರಾತ್ರಿ ಹೊರಗ ಪರಸಿ ಮ್ಯಾಲ ಕುಂತಿದ್ರು, ಬೆನ್ನು ತಗಡಿಗಿ.
ನಾ ಒಳಗ ಭಾಂಡಿ ಕಟ್ತಿದ್ದೆ.
ಏನ್ ತಿಳೀತೋ,
ತಗಡಿಗಿ ತುಟಿ ಹಚ್ಚಿ ಸಣ್ಣಗ ಆ ಹೆಸರು ಅಂದೆ.
ಬೀಡಿ ಕೆಂಪು ಅಲ್ಲೇ ನಿಂತಿತು.
"ಏ, ಯಾರೋ ಕರದಂಗಾತು."
ಕಿಡಕಿಯಿಂದ ತಲಿ ಹೊರಗ ಹಾಕಿ ಒದರಿದೆ,
"ಹಂದಿ ಇರಬೇಕು!"
ಸ್ವಲ್ಪ ಹೊತ್ತು ಬಿಟ್ಟು,
"ಹಂದೀಗಿ ನನ್ನ ಹೆಸರು ಹ್ಯಾಂಗ ಗೊತ್ತು?"

ಮುಂಜಾನಿ ಜೀಪು ಬಂತು. ಗಡಿಬಿಡ್ಯಾಗ ಪರಸಿ ಅಲ್ಲೇ ಮರತೀವಿ.
ನೆನಪಾಗೋದ್ರಾಗ ಕಾಳಗಿ ದಾಟಿತ್ತು.
ರೇವಣಸಿದ್ಧ ಬ್ರೇಕ್ ಹಾಕಿದ, "ತಿರುಗಿಸ್ಲೇನ್ ಮಾವಾ?"
"ಬ್ಯಾಡ," ಅಂದ್ರು ಇವ್ರು, ನನ್ನ ಕಡಿ ನೋಡ್ಕೋತ,
"ಅದು ಬಂದ್ರ ಕೂಡ್ಲಾಕ ಇರ್ಲಿ."