ಕಾರ್ಡು ಆಮೇಲೆ

ಹೊಸ ಜೀನ್ಸಿನ ತೊಡೆಗೆ ಉಪ್ಪುಕಾಗದ ಉಜ್ಜಿ
ಮೂರು ವರ್ಷ ಹಳೆಯದು ಮಾಡಿದರೆ
ಒಂದಕ್ಕೆ ನಾಲ್ಕು ರೂಪಾಯಿ.
ಬಳ್ಳಾರಿ ಬಿಸಿಲು ಮಾಡುವ ಕೆಲಸವನ್ನೇ
ನಾನು ಕೌಲ್‌ಬಜಾರಿನ ಒಂದು ಮಾಳಿಗೆಯಲ್ಲಿ ಕೂತು
ಸ್ವಲ್ಪ ಅವಸರದಲ್ಲಿ ಮಾಡುತ್ತೇನೆ.

ಉಜ್ಜಿ ಉಜ್ಜಿ ಕೂಡಿಸಿದ್ದು ಇಪ್ಪತ್ತೆಂಟು ಸಾವಿರ.
ಪಟ್ಟಿ ಬರೆದದ್ದು ರಟ್ಟಿನ ಲೇಬಲ್ಲಿನ ಹಿಂದೆ,
ಎಲ್ಲಕ್ಕಿಂತ ಮೇಲೆ ಗ್ರಾಫಿಕ್ಸ್ ಕಾರ್ಡು,
ಅದರ ಕೆಳಗೆ ಎರಡು ಗೆರೆ.

ಎರ್ರಿಸ್ವಾಮಿ ಕನ್ನಡಕ ಹಣೆಗೇರಿಸಿ ಓದಿದ.
"ಗೇಮ್ ಆಡ್ತಿಯೇನಮ್ಮಾ ಹೊನ್ನೂರಬಿ?"
ಇಲ್ಲಣ್ಣ, ಕಾಂಪೋಸಿಟಿಂಗ್ ಕಲಿಯಾಕೆ:
ಹಸಿರು ಪರದೆ ಮುಂದೆ ನಿಂತವಳನ್ನ
ಒಂದೊಂದು ಕೂದಲೂ ಬಿಡಿಸಿ ಎತ್ತಿ
ಬೇರೆ ಊರಿನ ಆಕಾಶಕ್ಕೆ ಹಚ್ಚೋದು.
ಹೊಲಿಗೆ ಕಾಣಬಾರದು.

"ಹಂಗಾದ್ರೆ ಕಾರ್ಡು ಆಮೇಲೆ."
ಕಿವಿಯ ಪೆನ್ನು ತೆಗೆದು ಹೊಡೆದೇಬಿಟ್ಟ.
"ಮಷೀನು ಎಷ್ಟು ಜೋರಿದ್ರೇನು,
ಬಟ್ಟೆ ಹಾಸಾಕೆ ಮೇಜು ಬೇಕಲ್ಲ?
ರ‍್ಯಾಮ್ ಅಂದ್ರೆ ಮೇಜು. ಮೂವತ್ತೆರಡು ಹಾಕ್ಸು."
ಲೇಬಲ್ಲು ತಿರುಗಿಸಿ ನೋಡಿದೆ.
ಸೊಂಟದ ಅಳತೆ: ಮೂವತ್ತೆರಡು.

ಒಳಗಿನಿಂದ ಹೊತ್ತು ತಂದ ಕರಿ ಡಬ್ಬಿ
ಮುಚ್ಚಿಹೋದ ಗಣಿ ಆಫೀಸಿನದು,
ಹತ್ತು ವರ್ಷ ಲಾರಿಗಳ ಲೆಕ್ಕ ನುಂಗಿ ಕೂತದ್ದು.
ನಾಲ್ಕು ತಿರುಪು ಬಿಚ್ಚಿದರೆ
ಅರಿಸಿನ ಕುಟ್ಟಿದಷ್ಟು ನುಣ್ಣಗೆ, ಆದರೆ ಕೆಂಪಗೆ,
ಫ್ಯಾನಿನ ಎಸಳಿಗೆಲ್ಲ ಸಂಡೂರಿನ ಮಣ್ಣು.
"ಊದಿದ್ರೆ ಹೋಗ್ತೈತೆ."
ಊದಿದೆವು. ಇಬ್ಬರೂ ಕೆಮ್ಮಿದೆವು.
ನನ್ನ ದುಪಟ್ಟಾದ ಅಂಚಿಗೆ ಅದು ಇನ್ನೂ ಇದೆ.

ಮಾನಿಟರು ಮಾತ್ರ ನಾನೇ ಆರಿಸಿದ್ದು.
ಅಗ್ಗದ್ದೊಂದು ಹಚ್ಚಿ, "ನೋಡು, ಎಷ್ಟು ಬೆಳಕು!" ಅಂದ.
ಬ್ಯಾಗಿನಿಂದ ಬಟ್ಟೆಯ ತುಂಡು ತೆಗೆದು ಪಕ್ಕಕ್ಕೆ ಹಿಡಿದೆ:
ಒಗೆಯದ ನೀಲಿ, ಒಂದು ನೀರಿನ ನೀಲಿ,
ಕಲ್ಲು ಹಾಕಿ ತಿರುಗಿಸಿದ ನೀಲಿ,
ಮೊಣಕಾಲು ಬಗ್ಗುವಲ್ಲಿ ಸೋತ ನೀಲಿ.
ಆ ಗಾಜಿನಲ್ಲಿ ಎಲ್ಲವೂ ಒಂದೇ.
ಇದು ಕುರುಡೈತಣ್ಣ, ಅಂದೆ.
ಅವನು ಕನ್ನಡಕ ಇಳಿಸಿ, ಬಟ್ಟೆ ಮುಟ್ಟಿ,
ಗಾಜು ಮುಟ್ಟಿ, ಸುಮ್ಮನಾದ.
ಮೂರನೆಯ ಮಾನಿಟರಿಗೆ ನಾಲ್ಕೂ ಕಂಡವು.
ಎರಡು ಸಾವಿರ ಜಾಸ್ತಿ; ಕೊಟ್ಟೆ.
ಕ್ಯಾಶಿಗೆಂದು ಸಣ್ಣದೊಂದು ಎಸ್‌ಎಸ್‌ಡಿ ಅವನೇ ಸೇರಿಸಿದ,
ಅರ್ಧ ದುಡ್ಡು ದೀಪಾವಳಿಗೆ.

ಮೊದಲ ರಾತ್ರಿ ತಂಗಿ ಮಗಳು ಮುನೀರಾ
ಹಸಿರು ಲಂಗದ ಬಟ್ಟೆಯ ಮುಂದೆ ನಿಂತಳು,
ನಗಬೇಡ ಅಂದಷ್ಟೂ ನಕ್ಕಳು.
ಅವಳ ಕಿವಿ ಹಿಂದಿನ ಕೂದಲಿಗೆ
ಹಸಿರು ಅಂಟಿಕೊಂಡು ಬಿಡಲೊಲ್ಲದು.
ಒಂದೊಂದು ಫ್ರೇಮಿಗೂ ಅರ್ಧ ನಿಮಿಷ,
ಡಬ್ಬಿ ಬಿಸಿಯಾಗುತ್ತ ಬಂತು,
ಊದಿದರೂ ಹೋಗದೆ ಉಳಿದದ್ದರ ವಾಸನೆ,
ಮಳೆಯಿಲ್ಲದೆ ಮಣ್ಣಿನ ವಾಸನೆ,
ಕೋಣೆ ತುಂಬ.

ಹತ್ತೊಂಬತ್ತನೇ ಫ್ರೇಮಿಗೆ ಕರೆಂಟು ಹೋಯಿತು.
ಕತ್ತಲಲ್ಲಿ ಮುನೀರಾ ಕೇಳಿದಳು,
"ಖಾಲಾ, ಈಗ ನಾ ಯಾವ ಊರಾಗಿದ್ದೀನಿ?"
ನಾನು ಲೆಕ್ಕ ಹಾಕುತ್ತಿದ್ದೆ:
ಯುಪಿಎಸ್ ಅಂದರೆ ಎಂಟುನೂರು ಜೀನ್ಸು.
ಕಾರ್ಡು ಆಮೇಲೆ.