ಕೆಳಗಿನ ಕಪಾಟಿನ ಬೀಗದ ಕೈ

ಬಾ ಶೈಲೇಶ, ಚಪ್ಪಲಿಯಲ್ಲೇ ಬಾ.
ಈ ಕೋಣೆಗೆ ಬರಿಗಾಲು ಮರ್ಯಾದೆಯಲ್ಲ.
ನಾಳೆಯಿಂದ ಶೂ ಹಾಕು.

ಇದು ಕೆಳಗಿನ ಕಪಾಟಿನ ಬೀಗದ ಕೈ,
ಕಟ್ಟಿದ್ದು ಹಳೇ ಬಲೆಯ ನೂಲು.
ನಾಡಿದ್ದಿಗೆ ವಾರಿಜಾ ಮೆಂಡನ್ ಎಂಬ ಹಾಜರಿ ಮುಗಿಯಿತು.
ಅಷ್ಟರೊಳಗೆ ಒಂದು ಬಾಟ್ಲಿಯ ವಿಷಯ ಹೇಳಿಬಿಡುತ್ತೇನೆ,
ಉಳಿದದ್ದು ಪುಸ್ತಕದಲ್ಲಿ ಉಂಟು.

ಅಮೋನಿಯಾ.
ನೀರಿನ ಹಾಗೇ ಕಾಣುತ್ತದೆ, ಅದೇ ಅದರ ಕಳ್ಳತನ.
ಎದೆಗಿಂತ ಮೇಲೆ ಇಡಬೇಡ,
ಜಾರಿದರೆ ಮುಖಕ್ಕೇ ಬರುವುದು.
ಆಸಿಡ್ಡುಗಳು ಆ ಗೋಡೆಗೆ, ಇದು ಈ ಗೋಡೆಗೆ,
ನಡುವೆ ಇಡೀ ಕೋಣೆ ಇರಲಿ.
ಹೊಸ ಮೇಷ್ಟ್ರೊಬ್ಬರು, ಜಾಗ ಉಳಿಯಲಿ ಎಂದು,
ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಊಟಕ್ಕೆ ಹೋಗಿದ್ದರು.
ಬಂದು ನೋಡಿದರೆ ಬೆಂಕಿಯಿಲ್ಲದ ಹೊಗೆ
ಮುಚ್ಚಳದಿಂದ ಮುಚ್ಚಳಕ್ಕೆ,
ಗಾಜಿನ ಮೇಲೆಲ್ಲ ಬಿಳಿ ಹುಡಿ.
ಪಾಪ, ಅವರು ಆ ದಿನ ಮತ್ತೆ ಪಾಠ ಮಾಡಲಿಲ್ಲ.

ಉಡುಪಿಯ ಏಪ್ರಿಲ್ ಸೆಕೆ ನಿನಗೆ ಗೊತ್ತುಂಟು.
ಹನ್ನೆರಡು ಗಂಟೆಗೆ ಕಪಾಟು ಕೂಡ ಬೆವರುತ್ತದೆ,
ಆ ಹೊತ್ತಿಗೆ ತೆರೆದರೆ ಮುಚ್ಚಳ ತಾನೇ ಹಾರೀತು.
ಅದಕ್ಕೇ ಮೊದಲು ಐಸ್.
ನಾನು ಮಲ್ಪೆಯಿಂದ ತರುತ್ತಿದ್ದೆ, ಬೆಳಗಿನ ಬಸ್ಸಲ್ಲಿ,
ಮೀನಿನ ಥರ್ಮಕೋಲ್ ಪೆಟ್ಟಿಗೆಯಲ್ಲಿ;
ಬಂಗುಡೆಗೆ ಎಷ್ಟಕ್ಕಾ ಎಂದು ಕಂಡಕ್ಟರ್ ಕೇಳುತ್ತಿದ್ದ.
ಅರ್ಧ ಗಂಟೆ ಐಸಲ್ಲಿ ಕೂರಿಸು. ಒದ್ದೆ ಬಟ್ಟೆ ಸುತ್ತು.
ಮುಖ ಆಚೆ.
ತಿರುಗಿಸು. ನಿಲ್ಲು. ಉಸ್ಸೆನ್ನಲಿ. ಮತ್ತೆ ತಿರುಗಿಸು.
ಕನ್ನಡಕ ಇರುವುದು ಹಣೆಗಲ್ಲ ಮಾರಾಯ, ಕಣ್ಣಿಗೆ.

ಬೇರೆ ಬಾಟ್ಲಿಗೆ ಸುರಿದಿಡುವವರನ್ನು ನಂಬಬೇಡ.
ಒಮ್ಮೆ ಪುನರ್ಪುಳಿ ಶರಬತ್ತಿನ ಬಾಟ್ಲಿಯಲ್ಲಿ ಸಿಕ್ಕಿತ್ತು,
ಚೀಟಿಯಲ್ಲಿ ಕೆಂಪು ಹಣ್ಣಿನ ಚಿತ್ರ ಹಾಗೇ ಇತ್ತು.
ಜೂನಿನಲ್ಲಿ ಚೀಟಿಗಳೆಲ್ಲ ಅಂಟು ಬಿಟ್ಟು ನೆಲ ಸೇರುತ್ತವೆ,
ಯಾವುದು ಯಾವುದರದ್ದೋ.
ಪೆನ್ಸಿಲಿನಲ್ಲಿ ಬರೆ, ಮೇಲೆ ಮೇಣ ಸವರು.
ಗುಡಿಸಲು ಬರುವ ಕಲ್ಯಾಣಿಯ ಬ್ಲೀಚಿಂಗ್ ಹುಡಿ
ಈ ಹೊಸ್ತಿಲು ದಾಟಬಾರದು.
ಬೈಯಬೇಡ ಅವಳಿಗೆ. ಯಾಕೆಂದು ಹೇಳು,
ಹೇಳಿದ್ದನ್ನು ಅವಳು ಮರೆಯುವವಳಲ್ಲ.

ಕಣ್ಣಿಗೆ ಹಾರಿದರೆ ಕೂಗುತ್ತಲೇ ನಲ್ಲಿಗೆ ಓಡು.
ರೆಪ್ಪೆ ಬಿಡಿಸಿ ಹಿಡಿದು ಹದಿನೈದು ನಿಮಿಷ, ಗಡಿಯಾರ ನೋಡಿ.
ಹದಿನೈದು ನಿಮಿಷ ಎಷ್ಟು ಉದ್ದ ಅಂತ
ನಾನು ಏಳನೇ ವಯಸ್ಸಿಗೆ ಕಲಿತದ್ದು.

ಅಪ್ಪ ಮಲ್ಪೆಯ ಐಸ್ ಪ್ಲಾಂಟಿನಲ್ಲಿದ್ದರು.
ಅಲ್ಲಿಯೂ ಇದೇ, ಬಾಟ್ಲಿಯಲ್ಲಲ್ಲ, ಕೊಳವೆಯಲ್ಲಿ,
ಬಂದರಿನ ಬೂತಾಯಿಯನ್ನೆಲ್ಲ ತಣ್ಣಗಿಡುವಷ್ಟು.
ಒಂದು ರಾತ್ರಿ ಜೋಡಣೆ ಬಿಟ್ಟಿತು.
ಇಬ್ಬರು ಹೆಗಲು ಕೊಟ್ಟು ತಂದರು. ಅಮ್ಮ ಬಾವಿಕಟ್ಟೆಯಲ್ಲಿ ಕೂರಿಸಿ
ಕೊಡಪಾನದಿಂದ ಸುರಿದಳು,
ಸುರಿದಳು,
ನಾನು ಹಗ್ಗ ಎಳೆದೆ.
ಲೆಕ್ಕ ತಪ್ಪಿದ್ದು ಮೂವತ್ತೆರಡನೇ ಕೊಡಕ್ಕೆ.
ಒಂದು ಕಣ್ಣು ಉಳಿಯಿತು.
ಆಮೇಲೂ ಅಲ್ಲಿಗೇ ಹೋದರು, ರಾತ್ರಿ ಕಾವಲಿಗೆ.
ಕೊನೆವರೆಗೂ ಅವರ ಅಂಗಿಗೆ ಇದೇ ವಾಸನೆ.

ಈಗೊಂದು ತಪ್ಪು ಹೇಳುತ್ತೇನೆ, ರಿಜಿಸ್ಟರಿನಲ್ಲಿಲ್ಲದ್ದು.
ಅಪ್ಪ ತೀರಿದ ಮೇಲೆ, ವರ್ಷಕ್ಕೊಂದು ಸಂಜೆ,
ಪರೀಕ್ಷೆ ಮುಗಿದು ಎಲ್ಲರೂ ಹೋದಾಗ
ಈ ಬಾಟ್ಲಿ ತೆರೆದು, ದೂರ ಹಿಡಿದು,
ಅಂಗೈಯಲ್ಲಿ ಗಾಳಿಯನ್ನು ಒಂದು ಸಲ ಈಚೆ ಕರೆದಿದ್ದೇನೆ.
ಒಂದೇ ಸಲ.
ಮುಚ್ಚಿ, ಮೂಗೊರಸಿ, ಮಲ್ಪೆ ಬಸ್ಸು ಹತ್ತಿದ್ದೇನೆ.
ಯಾರೂ ಕೇಳಲಿಲ್ಲ. ಲ್ಯಾಬಿನವಳ ಕಣ್ಣು ಕೆಂಪಾದರೆ
ಏನು ಕೇಳುವುದು?

ನೀನು ಮಾಡಬೇಡ. ನಿನಗೆ ಕಾರಣವಿಲ್ಲ.

ಕಿಟಕಿಯ ಆ ಬೋಲ್ಟು ಸ್ವಲ್ಪ ಗಟ್ಟಿ, ಎಣ್ಣೆ ಬಿಡು.
ಫ್ಯಾನು ಹಾಕಿ ಐದು ನಿಮಿಷ ಕಾದು ಬೀಗ ತೆಗೆ.
ಹಿಡಿ.
ನೂಲು ಮಾತ್ರ ಬಿಚ್ಚಬೇಡ,
ಆ ಗಂಟು ಈಗ ಯಾರಿಗೂ ಹಾಕಲು ಬರುವುದಿಲ್ಲ.