ಆಟಕ್ಕುಂಟು

ಕಿಲೀನ್ ಊರಲ್ಲಿ ಆಗಸ್ಟ್ ಬಂತೆಂದರೆ
ಗೋಡೆಗೂ ಬೆವರು.
ಹೆಲಿಕಾಪ್ಟರು ತಲೆಯ ಮೇಲೆ ಹಾದಾಗೆಲ್ಲ
ನನ್ನ ಮೇಜಿನ ಪೆನ್ಸಿಲುಗಳು
ಡಬ್ಬಿಯೊಳಗೇ ಕವಾಯತು ಮಾಡುತ್ತವೆ.
ಮೂರನೇ ಕಿಟಕಿ ನನ್ನದು.
ಟೆಕ್ಸಸ್ಸಿನ ಈ ಪುಟ್ಟ ಕಾಲೇಜಿಗೆ ಸೇನೆ ಬಿಟ್ಟು ಬಂದವರು
ಅಲ್ಲಿ ಕಲಿತದ್ದನ್ನು ಇಲ್ಲಿನ ಕ್ರೆಡಿಟ್ಟಿಗೆ ಇಳಿಸುವ ಕೆಲಸ.
ಚಿಲ್ಲರೆ ಅಂಗಡಿ ಅನ್ನಿ:
ದೊಡ್ಡ ನೋಟು ಕೊಡಿ, ಪುಡಿಗಾಸು ಎಣಿಸಿಕೊಳ್ಳಿ.

ಡೆಲ್ಫಿನಾ ಉರ್ರೂಟಿಯಾ, ಮೂವತ್ತೊಂದರ ಹೆಂಗಸು,
ಗಾಜಿನಡಿ ಆರು ಹಾಳೆ ತೂರಿಸಿದಳು.
ಒಂಬತ್ತು ವರ್ಷ ನಾಲ್ಕು ತಿಂಗಳು
ಸಿಪಾಯಿಗಳಿಗೆ ಕುಡಿಯುವ ನೀರು ಮಾಡಿಕೊಟ್ಟವಳು.
ಕಾಲುವೆಯಿಂದ, ಕೆರೆಯಿಂದ, ಒಮ್ಮೆ ಸಮುದ್ರದಿಂದ,
ಒಮ್ಮೆ ಸತ್ತ ಕತ್ತೆ ತೇಲುತ್ತಿದ್ದ ಹೊಂಡದಿಂದ.
‘ಕತ್ತೆಯನ್ನು ಮೊದಲು ತೆಗೆದೆವು’ ಅಂದಳು,
ನಾನು ಕೇಳದಿದ್ದರೂ.

ಬೆರಳಿಟ್ಟು ಓದಿದೆ, ರೇಷನ್ ಕಾರ್ಡು ಓದುವ ಹಾಗೆ.
ಮೊದಲ ಹತ್ತು ವಾರದ ಓಟ, ಬಸ್ಕಿ, ಕೆಸರು:
ದೈಹಿಕ ಶಿಕ್ಷಣ, ಎರಡು.
ದಿಕ್ಸೂಚಿ ಹಿಡಿದು ಕತ್ತಲಲ್ಲಿ ದಾರಿ ಹುಡುಕಿದ್ದು, ಎರಡು.
ಗುರಿಯಿಟ್ಟು ಹೊಡೆದದ್ದು, ಒಂದು.
ಹನ್ನೆರಡು ಮಂದಿಯನ್ನು ನಡೆಸಿದ್ದು, ನಾಯಕತ್ವ, ಮೂರು.
ಅವರಲ್ಲೊಬ್ಬ ರಾತ್ರಿಯೆಲ್ಲ ಅಳುತ್ತಿದ್ದನಂತೆ,
ಇವಳು ಪಕ್ಕದಲ್ಲಿ ಕೂತು ಇಸ್ಪೀಟು ಕಲೆಸುತ್ತಿದ್ದಳಂತೆ.
ಅದಕ್ಕೆ ಕಾಲಂ ಇಲ್ಲ.

ಪುಟ ತಿರುವುತ್ತ ತಿರುವುತ್ತ ಮೂವತ್ತೆಂಟಾಯಿತು.
‘ಅರವತ್ತರಲ್ಲಿ ಮೂವತ್ತೆಂಟು!’
ಅವಳ ಮುಖ ನೋಡಬೇಕಿತ್ತು ನೀವು.
ಕಾಲೇಜು ಅಷ್ಟನ್ನೂ ಒಪ್ಪಿದೆ, ಅಂದೆ,
ಪರಿಸರ ವಿಜ್ಞಾನದ ಪದವಿಗೆ ಹತ್ತುವುದು ಮಾತ್ರ ಏಳು.

‘ಮಿಕ್ಕದ್ದು?’

ಇಲ್ಲಿ ನನಗೆ ಇಂಗ್ಲಿಷು ಕೈಕೊಟ್ಟಿತು.
ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಹಿಂದೆ ನಾವು ಆಡುವಾಗ
ಹಟ ಮಾಡುತ್ತಾಳೆಂದು ವಸುಮತಿಯನ್ನೂ ಸೇರಿಸಿಕೊಳ್ಳುತ್ತಿದ್ದೆವು.
ನಮ್ಮಷ್ಟೇ ಓಡುತ್ತಿದ್ದಳು, ನಮಗಿಂತ ಹೆಚ್ಚು ಬೀಳುತ್ತಿದ್ದಳು,
ಮಂಡಿಯಿಂದ ಸುರಿದದ್ದು ಅಪ್ಪಟ ರಕ್ತ.
ಔಟಾದರೆ ಔಟಲ್ಲ. ಗೆದ್ದರೆ, ಗೆದ್ದದ್ದೂ ಅಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಇದನ್ನು ಈ ಭಾಷೆಯಲ್ಲಿ ಹೇಗೆ ಹೇಳಲಿ?
‘ಐಚ್ಛಿಕ’ ಎಂಬ ಕಾಲಂ ತೋರಿಸಿ ಸುಮ್ಮನಾದೆ.

‘ಮತ್ತೆ, ರಸಾಯನಶಾಸ್ತ್ರ?’
ಮೊದಲ ಪಾಠದಿಂದ.
ಪ್ರಯೋಗಾಲಯದ ಗಂಟೆ ದಾಖಲೆಯಲ್ಲಿ ಇಲ್ಲವಲ್ಲ.
‘ಪ್ರಯೋಗಾಲಯ ಲಾರಿಯ ಮೇಲಿತ್ತು’ ಅಂದಳು.
‘ಗಂಟೆಗೆ ಮೂರು ಸಾವಿರ ಗ್ಯಾಲನ್ನು.
ತಪ್ಪಿದ್ದರೆ ಆರುನೂರು ಜನಕ್ಕೆ ಭೇದಿ.’
ದನಿ ಏರಿಸಲಿಲ್ಲ. ಬಾಯಾರಿಕೆ ಅಂದಳು.

ಮೂಲೆಯ ಕೂಲರಿನಿಂದ ಕಾಗದದ ಲೋಟಕ್ಕೆ ಹಿಡಿದು
ಮೂಸಿದಳು, ಬೆಳಕಿಗೆ ಎತ್ತಿದಳು,
ಅರ್ಧ ಗುಟುಕು ನಾಲಗೆಯ ಮೇಲೆ ಹೊರಳಿಸಿದಳು.
‘ಇದರ ಫಿಲ್ಟರು ಬದಲಿಸಿ ವರ್ಷ ದಾಟಿದೆ.’
ಎರಡು ವರ್ಷದಿಂದ ಅದನ್ನೇ ಕುಡಿಯುತ್ತ
ಟೆಕ್ಸಸ್ಸಿನ ರುಚಿಯೇ ಹೀಗೆ ಅಂದುಕೊಂಡಿದ್ದೆ.

ಸಂಜೆ ಜಾಡಮಾಲಿ ವೆಂಡೆಲ್ ಬಿಚ್ಚಿ ತೋರಿಸಿದ:
ಚಹಾ ಸೋಸಿ ಸೋಸಿ ಕಂದಿದ ಬಟ್ಟೆಯ ಹಾಗಿತ್ತು.

ಮನವಿ ಬರಿ, ಒಂದೇ ಪುಟ, ಅಂದಿದ್ದೆ ಅವಳಿಗೆ.
ಮಾರನೆಯ ದಿನವೇ ತಂದಳು.
ಮೊದಲ ಸಾಲು:
‘ನೀರನ್ನು ನೋಡುವ ಮೊದಲು
ಅದನ್ನು ಯಾರು ಕುಡಿಯುತ್ತಾರೆ ನೋಡಬೇಕು.’
ತಿದ್ದಲು ಕೂತವಳು
ಒಂದು ಅಲ್ಪವಿರಾಮ ಹಾಕಿ, ಮತ್ತೆ ಅಳಿಸಿದೆ.

ಸಮಿತಿ ಕೂಡುವುದು ಎರಡನೇ ಗುರುವಾರ.
ಐದು ಜನ, ಒಂದು ಡಬ್ಬಿ ಡೋನಟ್ಟು.
ರಸಾಯನಶಾಸ್ತ್ರಕ್ಕೆ ಮೂರು ಕೊಟ್ಟರು.
ಪ್ರಯೋಗಾಲಯದ ಒಂದನ್ನು ಕೊಡಲಿಲ್ಲ.
ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಹದಿನೆಂಟರ ಹುಡುಗರ ನಡುವೆ,
ಪ್ಲಾಸ್ಟಿಕ್ ಕನ್ನಡಕ ಹಾಕಿ
ಲಿಟ್ಮಸ್ ಕಾಗದ ನೀಲಿಯೋ ಕೆಂಪೋ ಎಂದು ಬರೆಯಬೇಕು ಅವಳು.

ಹೇಗೆ ಹೇಳಲಿ ಎಂದು ಫೋನು ಹಿಡಿದು ಕೂತಿದ್ದೆ.
ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ,
ಹೆಲಿಕಾಪ್ಟರು ಮಾತ್ರ, ಇಬ್ಬರಿಗೂ ಅದೇ.
ಆಮೇಲೆ ನಕ್ಕಳು.
‘ಇರಲಿ ಬಿಡಿ. ಅಲ್ಲಿ ನಲ್ಲಿ ಇದೆಯಂತೆ.
ತಿರುಗಿಸಿದರೆ ಬರುತ್ತದಂತೆ.’